ಬಾಗಿಲ ತೋಳಿಗೆ ಕಟ್ಟಿದ ದಾರ

ನನ್ನದು ಅನುಮಾನದ ಬುದ್ಧಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡರೆ ಗಾಡಿಯವನ ಎದುರೇ ಎರಡು ಸಲ ಎಣಿಸುತ್ತೇನೆ. ಹಾಲಿನವಳು ತಂದ ಹಾಲಿಗೆ ಬೆರಳದ್ದಿ ನೋಡುತ್ತೇನೆ. ಯಾರಾದರೂ ಕಾರಣವಿಲ್ಲದೆ ಚಹಾ ಕುಡಿಸಿದರೆ, ಇವನಿಗೆ ನನ್ನಿಂದ ಏನು ಆಗಬೇಕಾಗಿದೆ ಎಂದು ಕೊನೆಯ ಗುಟುಕಿನವರೆಗೂ ಯೋಚಿಸುತ್ತೇನೆ. "ನಿಮಗ ದೇವ್ರ ಮ್ಯಾಗೂ ಡೌಟ್ ಅದ. ಆದ್ರ ದೇವ್ರು ಎದುರಿಗಿ ಸಿಗಂಗಿಲ್ಲ, ಅದಕ್ಕ ಉಳಕೊಂಡಾನ" ಎನ್ನುತ್ತಾಳೆ ಅವಳು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಮಾತಿದೆಯಲ್ಲ, ನನ್ನ ವಿಷಯದಲ್ಲಿ ಅದು ಸುಳ್ಳು. ಇದು ನಾನು ಕಲಿತ ಗುಣ.

ಕಲಿಸಿದ್ದು ಹೈದರಾಬಾದಿನ ಒಂದು ಕಾರ್ಖಾನೆ. ಅಲ್ಲಿ ನಾನು ಟ್ರೇಲರುಗಳ ನಕ್ಷೆ ಬರೆಯುತ್ತಿದ್ದೆ. ಎರಡು ವರ್ಷ ತಲೆ ಕೆಡಿಸಿಕೊಂಡು ಹೊಸ ನಮೂನೆಯ ಒಂದು ಕೊಂಡಿ ಮಾಡಿದ್ದೆ. ಪಕ್ಕದ ಟೇಬಲ್ಲಿನವನು, ನನ್ನ ಡಬ್ಬಿಯ ಜೋಳದ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದವನು, ಮೊಬೈಲಿನಲ್ಲಿ ಅದರ ಫೋಟೋ ಹೊಡೆದು ಬೇರೆ ಕಾರ್ಖಾನೆಗೆ ಕೊಟ್ಟ. ಆ ಕೊಂಡಿ ಮಾರ್ಕೆಟ್ಟಿನಲ್ಲಿ ಕಾಣಿಸಿಕೊಂಡ ದಿನ ಮಾಲೀಕರು ನನ್ನನ್ನೇ ಒಳಗೆ ಕರೆದು, ಎಲ್ಲರ ಮುಂದೆ, ಎಷ್ಟಕ್ಕೆ ಮಾರಿದೆ ಎಂದು ಕೇಳಿದರು. ನಾನು ಅಳು ನುಂಗಿಕೊಂಡು ಊರಿಗೆ ಬಂದೆ. ಅವತ್ತಿನಿಂದ ಯಾರನ್ನೂ ನಂಬಬಾರದು ಎಂದು ತೀರ್ಮಾನಿಸಿದೆ. ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಬಾರದು ಎಂದು ಮಾತ್ರ ತೀರ್ಮಾನಿಸಲಿಲ್ಲ. ಬುದ್ಧಿ ಅಷ್ಟು ದೂರ ಓಡಲಿಲ್ಲ.

ಆಮೇಲೆ ಹುಮನಾಬಾದಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಕಬ್ಬಿನ ಟ್ರಾಲಿ, ನೀರಿನ ಟ್ಯಾಂಕರ್, ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ಡು. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಸೇರಿ ಆರು ತಿಂಗಳೂ ಆಗಿರಲಿಲ್ಲ, ಶೆಡ್ಡಿನ ಮಾಲೀಕ ಸೇಠ್ ಎಲ್ಲಿಂದಲೋ ರೈಲಿನ ಕೆಲಸ ಹಿಡಿದು ತಂದ. ದೊಡ್ಡ ಕಂಪನಿಯೊಂದು ಪಕ್ಕಕ್ಕೆ ಸುರಿಯುವ ಗೂಡ್ಸ್ ಡಬ್ಬಿಗಳನ್ನು ಮಾಡುತ್ತಿತ್ತಂತೆ. ಅದರ ಬಾಗಿಲು ಮತ್ತು ಬಾಗಿಲ ಬೀಗವನ್ನು ಹೊರಗೆ ಮಾಡಿಸಬೇಕೆಂದು ನಮೂನೆ ಕೇಳಿತ್ತು. ನಮೂನೆ ಪಾಸಾದರೆ ಶೆಡ್ಡಿಗೆ ವರ್ಷಗಟ್ಟಲೆ ಕೆಲಸ. "ಡ್ರಾಯಿಂಗ್ ಸಾಹೇಬ್ರ, ಇನ್ನ ನಿಮ್ಮ ಕೈಯಾಗ ಅದ ನೋಡ್ರಿ" ಎಂದ ಸೇಠ್. ನಾನು ಅದೇ ದಿನ ಕಬ್ಬಿಣದ ಅಲ್ಮಾರಿಗೆ ಹೊಸ ಬೀಗ ತಂದೆ.

ಹಳಿಯ ಅಕ್ಕಪಕ್ಕ ಹಾಕುವ ಖಡಿಯನ್ನು, ಅಂದರೆ ಜಲ್ಲಿಕಲ್ಲನ್ನು, ಒಯ್ಯುವ ಡಬ್ಬಿ ಅದು. ಸಾಮಾನ್ಯ ಡಬ್ಬಿಯನ್ನು ಖಾಲಿ ಮಾಡಬೇಕಾದರೆ ಹತ್ತು ಜನ ಸಲಿಕೆ ಹಿಡಿದು ಹತ್ತಬೇಕು. ಇದಕ್ಕೆ ಸಲಿಕೆ ಬೇಡ. ಒಳಗಿನ ನೆಲಕ್ಕೆ ನಡುವೆ ಏಣು, ಎರಡೂ ಬದಿಗೆ ಇಳಿಜಾರು, ಹಗ್ಗದ ಮೇಲೆ ಒಣಹಾಕಿದ ಕಂಬಳಿಯ ಹಾಗೆ. ಬದಿಯ ಬಾಗಿಲಿಗೆ ಮೇಲಂಚಿನಲ್ಲಿ ಕೀಲು. ಒಂದು ಗಾಲಿ ತಿರುವಿದರೆ ಬಾಗಿಲ ಕೆಳಗಿನ ಅಂಚು ಹೊರಕ್ಕೆ ಏಳುತ್ತದೆ, ಕಲ್ಲು ತನ್ನ ಭಾರಕ್ಕೆ ತಾನೇ ಜಾರಿ ಹಳಿಯ ಪಕ್ಕಕ್ಕೆ ಬೀಳುತ್ತದೆ. ಇಳಿಜಾರು ಕಡಿಮೆಯಾದರೆ ಕಲ್ಲು ಒಳಗೇ ಕೂತುಬಿಡುತ್ತದೆ, ಹೆಚ್ಚಾದರೆ ಕಲ್ಲು ತುಂಬಲು ಜಾಗವೇ ಉಳಿಯುವುದಿಲ್ಲ. ಅದನ್ನು ಕಂಪನಿಯವರು ಮೊದಲೇ ಗೊತ್ತುಮಾಡಿದ್ದರು. ನನ್ನ ಪಾಲಿಗೆ ಬಂದದ್ದು ಬೀಗ.

ಈ ಬೀಗಕ್ಕೆ ಕೀಲಿಕೈ ಇಲ್ಲ. ಬಾಗಿಲನ್ನು ಒಂದು ಕೊಂಡಿ ಹಿಡಿದಿರುತ್ತದೆ, ಕೊಂಡಿಯನ್ನು ಒಂದು ತೋಳು ಹಿಡಿದಿರುತ್ತದೆ. ಕೊಂಡಿ ಮತ್ತು ತೋಳು ಒಂದೇ ಗೆರೆಗೆ ಬಂದಾಗ ಬಾಗಿಲು ಮುಚ್ಚುತ್ತದೆ. ಅಲ್ಲಿಗೇ ನಿಲ್ಲಿಸಿದರೆ ನೋಡಲು ಚೆಂದ, ಆದರೆ ಗಾಡಿ ಅದುರಿದಾಗ ತೋಳು ಹಿಂದಕ್ಕೂ ಬಂದೀತು. ಅದಕ್ಕೆ ಆ ಗೆರೆಯನ್ನು ದಾಟಿಸಿ, ಒಂದು ಬೆರಳಿನಷ್ಟು ಆಚೆ ಒಯ್ದು, ಅಲ್ಲಿ ಒಂದು ಕಬ್ಬಿಣದ ತಡೆಗೆ ತೋಳನ್ನು ಕೂರಿಸಬೇಕು. ಆಮೇಲೆ ಒಳಗಿನ ಕಲ್ಲು ಬಾಗಿಲನ್ನು ನೂಕಿದಷ್ಟೂ ತೋಳು ಆ ತಡೆಗೇ ಒತ್ತಿಕೊಳ್ಳುತ್ತದೆ. ಹೊರಗಿನಿಂದ ನೋಡಿದವರಿಗೆ ತೋಳು ಸ್ವಲ್ಪ ಸೊಟ್ಟ ಕಾಣುತ್ತದೆ. ಬಾಗಿಲನ್ನು ಕಾಯುವುದು ಆ ಸೊಟ್ಟೇ. ತಡೆ ಎಲ್ಲಿರಬೇಕು, ತೋಳು ಎಷ್ಟು ದಾಟಬೇಕು ಎಂಬುದನ್ನು ಹದಿನೈದು ದಿನ ಲೆಕ್ಕ ಹಾಕಿ ನಕ್ಷೆ ಬರೆದು ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದೆ. ಅದರ ಗುಟ್ಟನ್ನು ಶೆಡ್ಡಿನಲ್ಲಿ ಒಬ್ಬರಿಗೂ ಹೇಳಲಿಲ್ಲ.

ಕೆಲಸದವರಿಗೆ ಚೀಟಿ ಕೊಡುತ್ತಿದ್ದೆ. ಒಬ್ಬನಿಗೆ ತೋಳಿನ ಅಳತೆ, ಒಬ್ಬನಿಗೆ ಕೊಂಡಿಯ ಅಳತೆ, ಒಬ್ಬನಿಗೆ ತಡೆಯ ಅಳತೆ. ಸಂಜೆ ಚೀಟಿ ವಾಪಸು ಇಸಿದುಕೊಂಡು ಹರಿದು ಹಾಕುತ್ತಿದ್ದೆ. ಎಲ್ಲವನ್ನೂ ಜೋಡಿಸುವ ಕೆಲಸ ಮಾತ್ರ ಒಬ್ಬ ಮಿಸ್ತ್ರಿಯದು. ಅವರು ಬೇಮಳಖೇಡದಿಂದ ದಿನಾ ಮೊದಲ ಬಸ್ಸಿಗೆ ಬರುತ್ತಿದ್ದರು. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಊರಿನಲ್ಲಿ ತುಂಡು ಹೊಲ, ಎರಡು ಎಮ್ಮೆ. ಮಾತು ಬಹಳ ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಅನುಮಾನ ಜಾಸ್ತಿ. ಮಾತು ಜಾಸ್ತಿ ಇರುವವರ ಮೇಲೂ ಜಾಸ್ತಿಯೇ, ಆದರೆ ಅವರು ಎಲ್ಲಾದರೂ ಒಂದು ಕಡೆ ಬಾಯಿಬಿಡುತ್ತಾರೆ.

ಈ ನಮೂನೆ ಪಾಸಾದರೆ ರೈಲಿನ ಕೆಲಸಕ್ಕೆಲ್ಲ ಅವರೇ ಹೆಡ್ ಮಿಸ್ತ್ರಿ ಎಂದು ಸೇಠ್ ಎಲ್ಲರ ಮುಂದೆ ಹೇಳಿದ್ದ. ಮೂವತ್ತು ವರ್ಷ ಕಬ್ಬಿಣ ಬಡಿದ ಮನುಷ್ಯ, ಅವರನ್ನು ಅಲ್ಲಿಯವರೆಗೆ ಯಾರೂ ಹೆಡ್ ಎಂದಿರಲಿಲ್ಲ. ಅವತ್ತು ಅವರು ಮಧ್ಯಾಹ್ನ ಊಟ ಬಿಟ್ಟು ಸುಮ್ಮನೆ ಶೆಡ್ಡಿನ ಉದ್ದಕ್ಕೂ ಎರಡು ಸಲ ಓಡಾಡಿದ್ದನ್ನು ನಾನು ಕ್ಯಾಬಿನ್ನಿನ ಗಾಜಿನಿಂದ ನೋಡಿದೆ. ಖುಷಿಯಾಗಿದೆ ಪಾಪ ಎಂದು ಬೇರೆಯವರು ಅಂದುಕೊಂಡಿರಬೇಕು. ಇವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನಾನು ಯೋಚಿಸಿದೆ.

ಕೆಲಸ ಶುರುವಾದ ವಾರದಲ್ಲೇ ಅವರು ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. "ಸಾಹೇಬ್ರ, ಪೂರಾ ಚಿತ್ರ ಒಮ್ಮೆ ತೋರಸ್ರಿ. ತುಂಡು ತುಂಡು ನೋಡಿದ್ರ ಕೈಗಿ ತಿಳೀವಲ್ದು."

"ಚೀಟಿದಾಗ ಇದ್ದಷ್ಟು ಮಾಡ್ರಿ ಮಿಸ್ತ್ರಿ, ಸಾಕು" ಎಂದೆ.

"ಹೌದ್ರಿ" ಎಂದು ಹೋದರು. ಇಷ್ಟು ಬೇಗ ಒಪ್ಪಿಕೊಂಡರಲ್ಲ, ಇದರಲ್ಲೇನೋ ಇದೆ ಎಂದು ನನಗೆ ಅಂದೇ ಅನಿಸಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಗುಜರಿ ರಾಶಿಯಿಂದ ಅವರು ಸಣ್ಣ ಸಣ್ಣ ಪ್ಲೇಟಿನ ತುಂಡು ಆರಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುವುದನ್ನು ನೋಡಿದೆ. ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಅವರೊಬ್ಬರೇ ನಮೂನೆಯ ಬಾಗಿಲ ಹತ್ತಿರ ನಿಂತು ಮೊಬೈಲು ಎತ್ತಿ ಹಿಡಿದಿದ್ದರು. ನನಗೆ ಹೈದರಾಬಾದಿನ ಮೊಬೈಲು ನೆನಪಾಯಿತು. ಇನ್ನೊಂದು ದಿನ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದಾಗ ಮಾಣಿಕನಗರದ ಚಹಾದ ಅಂಗಡಿಯಲ್ಲಿ ಅವರು ಕಂಡರು. ಜೊತೆಗೆ ಬೇರೆ ಶೆಡ್ಡಿನಲ್ಲಿ ಕೆಲಸ ಮಾಡುವ ಒಬ್ಬ. ಅವನು ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೇನನ್ನೋ ಇವರ ಕೈಗೆ ಕೊಟ್ಟ. ನಾನು ಆಟೋದಿಂದ ಕತ್ತು ಹೊರಹಾಕಿ ನೋಡುತ್ತಿದ್ದೆ, ಎದುರಿನ ಬೈಕಿನವನು ಬೈದುಕೊಂಡು ಹೋದ. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

"ಅವ್ರಿಗಿ ಕೇಳಿದ್ರೇನು?" ಎಂದಳು.

"ಕೇಳಿದ್ರ ಹುಷಾರ್ ಆಗ್ತಾರ" ಎಂದೆ.

"ಕೇಳ್ಲಿಲ್ಲಂದ್ರ ನೀವ್ ಹುಚ್ಚ್ ಆಗ್ತೀರಿ" ಎಂದು ಬದನೆಕಾಯಿ ಕಡೆಗೇ ತಿರುಗಿದಳು.

ನಮೂನೆಗೆಂದು ಮಾಡಿದ ಚಿಕ್ಕ ಡಬ್ಬಿಗೆ ಎರಡೂ ಬಾಗಿಲು ಜೋಡಿಸಿಯಾದ ಮೇಲೆ ನಾನೇ ಅಳತೆ ಹಿಡಿದು ನೋಡಿದೆ. ಎಲ್ಲ ಸರಿ ಇತ್ತು, ತೋಳು ಗೆರೆ ದಾಟಿ ತಡೆಗೆ ಕೂರುತ್ತಿತ್ತು. ಕೆಂಪು ಬಣ್ಣ ಹೊಡೆಯಿರಿ ಎಂದು ಹೇಳಿ ಎರಡು ದಿನ ಕಂಪನಿಯ ಕಾಗದಪತ್ರಗಳ ಕೆಲಸದಲ್ಲಿ ಕೂತೆ. ಪರೀಕ್ಷೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ತೋಳುಗಳಿಗೆ ಒಂದೊಂದು ಬಿಳಿ ದಾರ, ಮೂರು ಗಂಟು. ಕೆಳಗೆ ಸ್ವಲ್ಪ ತೆಂಗಿನಕಾಯಿ ನೀರು ಚೆಲ್ಲಿದ ಗುರುತು. ಇದು ಮಾಟವೋ, ಯಾರಿಗಾದರೂ ತೋರಿಸಲು ಇಟ್ಟ ಗುರುತೋ? ದಾರ ಬಿಚ್ಚಬೇಕೆಂದು ಕೈ ಹೋಯಿತು, ಬಿಚ್ಚಿದವನಿಗೆ ಏನಾದರೂ ಆದರೆ ಎಂದು ಕೈ ವಾಪಸು ಬಂತು. ನನ್ನ ಕಣ್ಣು ದಾರದಲ್ಲೇ ಸಿಕ್ಕಿಕೊಂಡಿತು. ಅದರ ಕೆಳಗಿನ ತಡೆಯನ್ನು ಇನ್ನೊಮ್ಮೆ ನೋಡಲಿಲ್ಲ. ನೋಡಿದ್ದರೆ ಈ ಕತೆ ಬರೆಯುವ ಪಾಡು ಬರುತ್ತಿರಲಿಲ್ಲ.

ನಮ್ಮ ಹತ್ತಿರ ಹಳಿಯಿಲ್ಲ, ಅದುರಿಸುವ ಯಂತ್ರವೂ ಇಲ್ಲ. ಹೀಗಾಗಿ ನಮೂನೆಯ ಡಬ್ಬಿಯನ್ನು ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂರಿಸಿ, ಅರ್ಧ ಖಡಿ ತುಂಬಿ, ಹುಡಗಿ ಎಂಬ ಊರಿನವರೆಗೆ ಕೆಟ್ಟ ರಸ್ತೆಯಲ್ಲೇ ಹೋಗಿ ಬರುವುದು ಎಂದು ಸೇಠ್ ನಿರ್ಧರಿಸಿದ. ಅಲ್ಲಿ ಬಿಚ್ಚಿಕೊಳ್ಳದ ಬಾಗಿಲು ಹಳಿಯ ಮೇಲೆ ಏಕೆ ಬಿಚ್ಚಿಕೊಂಡೀತು ಎಂಬುದು ಅವನ ವಾದ. ಮಿಸ್ತ್ರಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹಿಂದಕ್ಕೆ ತಿರುಗಿ ಬಾಗಿಲನ್ನೇ ನೋಡುತ್ತಿದ್ದರು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಸೇಠನ ಬೈಕಿನ ಹಿಂದೆ ಕೂತು ಮಿಸ್ತ್ರಿಯನ್ನೇ ನೋಡುತ್ತಿದ್ದೆ.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಮಾಣಿಕನಗರದ ತಿರುವಿನ ಉಬ್ಬು ದಾಟಿದ್ದೇ ತಡ, ಎಡಗಡೆಯ ತೋಳು ಫಟ್ಟೆಂದು ಹಿಂದಕ್ಕೆ ಹಾರಿತು. ಬಾಗಿಲು ಎದ್ದಿತು. ಖಡಿ ಧೋ ಎಂದು ರಸ್ತೆಯ ಅಂಚಿಗೆ ಸುರಿಯಿತು. ಮೇವಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ಹೊರೆ ಬಿಸಾಡಿ ಪಕ್ಕಕ್ಕೆ ಹಾರಿದಳು. ಕಲ್ಲು ಅವಳ ಕಾಲಿನಿಂದ ಮೊಳದಷ್ಟು ಈಚೆಗೆ ನಿಂತಿತು. ಮಿಸ್ತ್ರಿ ಜಿಗಿದು ಮೊದಲು ಅವಳ ಹತ್ತಿರ ಓಡಿದರು. ಪೆಟ್ಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹೊರೆಯನ್ನು ಮತ್ತೆ ಅವಳ ತಲೆಗೆ ಎತ್ತಿಕೊಟ್ಟು, ಆಮೇಲೆ ಬಂದು ತೋಳಿನ ಮುಂದೆ ನಿಂತರು. ಅವರ ಮುಖ ಬಿಳಿಚಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ, ಆ ಮುಖವನ್ನು ನಾನು ಹಾಗೆ ಓದಿದೆ.

ಶೆಡ್ಡಿಗೆ ಬಂದು ಬಣ್ಣ ಕೆರೆದು ನೋಡಿದೆ. ತಡೆಯ ಮೇಲೆ ಬೆರಳಗಲದ ಒಂದು ಪ್ಲೇಟಿನ ತುಂಡನ್ನು ಯಾರೋ ವೆಲ್ಡಿಂಗ್ ಮಾಡಿದ್ದರು. ಅದು ಅಡ್ಡ ಬಂದು ತೋಳು ಗೆರೆ ದಾಟದೆ, ಸರಿಯಾಗಿ ಗೆರೆಯ ಮೇಲೇ ನಿಂತಿತ್ತು. ಎರಡೂ ಬಾಗಿಲಿಗೆ ಹಾಗೇ. ಜೇಬಿಗೆ ಹೋದ ಪ್ಲೇಟು ತುಂಡುಗಳು, ಫೋಟೋ, ಚಹಾದ ಅಂಗಡಿ, ದಾರ, ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಅಲ್ಲಿಯವರೆಗೆ ಅವರನ್ನು 'ರಿ' ಹಚ್ಚದೆ ಒಮ್ಮೆಯೂ ಮಾತಾಡಿಸಿರಲಿಲ್ಲ. ಅವತ್ತು ಸೇಠನ ಮುಂದೆ, ಎಲ್ಲ ಕೆಲಸದವರ ಮುಂದೆ ಕೇಳಿದೆ.

"ಎಷ್ಟಕ್ಕ ಮಾರಿದಿ?"

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. "ಏನ್ರಿ ಸಾಹೇಬ್ರ?" ಎಂದರು.

"ನಮ್ ಬಾಗಲಾ ಕೆಡ್ಸಾಕ ಯಾರ್ ಕೊಟ್ಟಾರ, ಎಷ್ಟ್ ಕೊಟ್ಟಾರ? ಮಾಣಿಕನಗರದಾಗ ನಾ ನೋಡೀನಿ ನಿನ್ನ."

ಅವರು ಸೇಠನ ಕಡೆ ನೋಡಿದರು. ಸೇಠ್ ನೆಲ ನೋಡಿದ. ಮಿಸ್ತ್ರಿ, "ಚಿತ್ರ ಒಮ್ಮೆ ತೋರಸ್ರಿ ಸಾಹೇಬ್ರ. ಎಲ್ಲಿ ತಪ್ಪ್ ಆಗ್ಯಾದ ನೋಡ್ತೀನಿ" ಎಂದರು.

"ತೋರಿಸಿದ್ರ ಅದನ್ನೂ ಮಾರ್ತಿ."

ಅವರು ಅಂಗಿಯ ಜೇಬು ಖಾಲಿ ಮಾಡಿದರು. ಮೂರು ಪ್ಲೇಟಿನ ತುಂಡು, ಒಂದು ಸೀಮೆಸುಣ್ಣ, ಒಂದು ದಾರದ ಉಂಡೆ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಇಷ್ಟೇ ಅವ್ರಿ ನನ್ ಕಡಿ" ಎಂದು ಡಬ್ಬಿಯ ಚೀಲ ತೆಗೆದುಕೊಂಡು ನಡೆದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ನನಗೆ ನಿಜ ಹೇಳಬೇಕೆಂದರೆ ಅವತ್ತು ಹಗುರವಾಯಿತು. ಹೈದರಾಬಾದಿನಲ್ಲಿ ಹಿಡಿಯಲಾಗದ ಕಳ್ಳನನ್ನು ಹುಮನಾಬಾದಿನಲ್ಲಿ ಹಿಡಿದೆ ಎನಿಸಿತು.

ಮರುದಿನ ಬೆಳಿಗ್ಗೆ ವೆಲ್ಡರನ್ನು ಕರೆದು ಆ ಪ್ಲೇಟು ಕತ್ತರಿಸಿ ತೆಗೆಯಲು ಹೇಳಿದೆ. ಅವನು ಎತ್ತಿಕೊಂಡ ಗ್ರೈಂಡರನ್ನು ಮತ್ತೆ ಕೆಳಗಿಟ್ಟ.

"ಇದು ನಾನೇ ಹಚ್ಚೀನ್ರಿ" ಎಂದ. "ಮಿಸ್ತ್ರಿ ಹಚ್ಚು ಅಂದ್ರು. ತೋಳು ಸೊಟ್ಟ ಕೂಡ್ತಿತ್ತು. ದಾರ ಹಿಡ್ದ್ ನೋಡಿದ್ರು, ದಾರಕ್ಕ ಬರ್ಲಿಲ್ಲ. ಮಾಣಿಕನಗರದವ್ರ ಕಡಿಂದ ಉದ್ದಂದು ಉಕ್ಕಿನ ಪಟ್ಟಿ ಎರವಲ ತಂದು ಮತ್ತ್ ನೋಡಿದ್ರು, ಆಗ್ಲೂ ಸೊಟ್ಟೇ."

"ಸೊಟ್ಟ ಇದ್ರ ನನಗ ಯಾಕ ಹೇಳ್ಲಿಲ್ಲ?"

ಅವನು ಕತ್ತು ತುರಿಸಿಕೊಂಡ. "ಸಾಹೇಬ್ರ ಚೀಟಿದಾಗ ತಪ್ಪ್ ಬಿದ್ದದ, ಸೇಠ್‌ಗ ತಿಳದ್ರ ಅವ್ರ ಮಾನ ಹೋಗ್ತದ, ಹೊಸಾ ಮನಷ್ಯಾ ಅಂದ್ರು. ಸುಮ್ಮಕ ಸರಿ ಮಾಡಿಬಿಡೋಣು, ಯಾರಿಗೂ ಹೇಳಬ್ಯಾಡ ಅಂದ್ರು."

ದಾರದ ವಿಷಯವನ್ನೂ ಅವನೇ ಹೇಳಿದ. ಮಿಸ್ತ್ರಿಯ ಕಡೆಯ ಟ್ರೇಲರ್ ಕೆಲಸದವರಲ್ಲಿ ಅದೊಂದು ಪದ್ಧತಿಯಂತೆ. ಮಾಡಿದ್ದು ದಾರದ ಗೆರೆಗೆ ನೆಟ್ಟಗೆ ಬರುವವರೆಗೆ ಕೈಬಿಡುವುದಿಲ್ಲ. ಬಂದ ಮೇಲೆ ಅದೇ ದಾರವನ್ನು ಕೆಲಸಕ್ಕೆ ಕಟ್ಟಿ, ಕಾಯಿ ಒಡೆದು, ಗಿರಾಕಿಗೆ ಒಪ್ಪಿಸುತ್ತಾರೆ. ಮೂವತ್ತು ವರ್ಷ ಹೀಗೆ ನೂರಾರು ಟ್ರೇಲರ್ ಒಪ್ಪಿಸಿದವರ ಕಣ್ಣಿಗೆ ನನ್ನ ಸೊಟ್ಟ ತೋಳು ಬಿದ್ದಿತ್ತು. ಅದು ಬೇಕೆಂದೇ ಮಾಡಿದ ಸೊಟ್ಟು ಎಂದು ಹೇಳುವ ಒಂದೇ ಒಂದು ಕಾಗದ ನನ್ನ ಅಲ್ಮಾರಿಯಲ್ಲಿತ್ತು.

ಇಷ್ಟಾದರೂ ನನ್ನ ಬುದ್ಧಿ ಬಿಡಲಿಲ್ಲ ನೋಡಿ. ವೆಲ್ಡರೂ ಅವರ ಜೊತೆ ಸೇರಿರಬಹುದಲ್ಲ ಎಂದು ಅರ್ಧ ದಿನ ಅವನ ಮುಖವನ್ನೇ ನೋಡಿದೆ. ಕೊನೆಗೆ ಆ ಪ್ಲೇಟುಗಳನ್ನು ಅಳೆದೆ. ಎರಡನ್ನೂ ತೋಳು ಕೂದಲೆಳೆಯಷ್ಟೂ ಆಚೀಚೆ ಆಗದೆ ಗೆರೆಗೆ ಬರುವಂತೆ ಅರದಿಂದ ಉಜ್ಜಿ ಉಜ್ಜಿ ಕೂರಿಸಿದ್ದರು. ಕೆಡಿಸುವವನು ಇಷ್ಟು ನೀಟಾಗಿ ಕೆಡಿಸುವುದಿಲ್ಲ. ನಾನು ಅಲ್ಲೇ ಡಬ್ಬಿಯ ಪಕ್ಕದಲ್ಲಿ ಕೂತುಬಿಟ್ಟೆ. ಹೈದರಾಬಾದಿನ ಆ ಕೋಣೆಯಲ್ಲಿ ನಿಂತಾಗ ನಾಚಿಕೆಯಾಗಿತ್ತು, ಆದರೆ ಅದು ಮಾಡದ ತಪ್ಪಿಗೆ ಆದ ನಾಚಿಕೆ. ಇದು ಬೇರೆ. ಇದಕ್ಕೆ ಹೇಳಿಕೊಳ್ಳಲು ಯಾವ ಸಬೂಬೂ ಇರಲಿಲ್ಲ.

ಸೇಠನಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಬೈಯಲಿಲ್ಲ. "ಹೆಡ್ ಮಿಸ್ತ್ರಿ ಜಾಗ ಅವ್ರದೇ. ನೀವೇ ಕಳಿಸೀರಿ, ನೀವೇ ಹೋಗಿ ಕರ್ಕೊಂಡ್ ಬರ್ರಿ" ಎಂದ. ನಾನು ಅಲ್ಮಾರಿಯ ಬೀಗ ತೆಗೆದು ನಕ್ಷೆಯನ್ನು ಸುರುಳಿ ಸುತ್ತಿದೆ. ಅವರೇ ಮೇಜಿನ ಮೇಲೆ ಬಿಟ್ಟುಹೋದ ದಾರದಿಂದ ಕಟ್ಟಿಕೊಂಡು ಬೇಮಳಖೇಡದ ಬಸ್ಸು ಹತ್ತಿದೆ. ಇದನ್ನು ಅವರು ಎರಡು ಸಲ ಕೇಳಿದ್ದರು. ಪೂರ್ತಿ ನಕ್ಷೆಯನ್ನು ಅವರ ಮುಂದೆ ಹರಡಿದರೆ ಅದಕ್ಕಿಂತ ದೊಡ್ಡ ಕ್ಷಮೆ ಇಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಮಿಸ್ತ್ರಿ ಮನೆಯ ಮುಂದೆ ಎಮ್ಮೆಗೆ ನೀರು ಕುಡಿಸುತ್ತಿದ್ದರು. ನನ್ನನ್ನು ನೋಡಿ ಬಕೆಟ್ ಕೆಳಗಿಟ್ಟು, "ಬರ್ರಿ ಸಾಹೇಬ್ರ, ಒಳಗ ಬರ್ರಿ" ಎಂದರು. ಅವರು ಒಂದಾದರೂ ಬೈಗುಳ ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಚಾಪೆ ಹಾಸಿದರು. ಅವರ ಹೆಂಡತಿ ನೀರು ತಂದುಕೊಟ್ಟು, ಒಲೆಯ ಹತ್ತಿರ ಹೋಗಿ, ಅಲ್ಲಿಂದಲೇ ಹೇಳಿದರು.

"ರೈಲಿನ ಬಾಗಲಾ ಮಾಡೀನಿ ಅಂತ ಫೋಟೋ ತಂದು ಓಣಿಗೆಲ್ಲ ತೋರ್ಸಿದ್ರು. ನಿನ್ನಿ ಬಂದವ್ರೇ ಅದನ್ನ ಮೊಬೈಲದಿಂದ ತೆಗೆದು ಹಾಕ್ಯಾರ್ರಿ."

"ಸುಮ್ನಿರು" ಎಂದರು ಮಿಸ್ತ್ರಿ.

ನಾನು ತಪ್ಪಾಯಿತು ಎಂದೆ. ಎಲ್ಲವನ್ನೂ ಹೇಳಿದೆ. ನನ್ನ ಬಲಗೈಯನ್ನೇ ಮುಂದೆ ಚಾಚಿ, ಮೊಣಕೈಯನ್ನು ಗೆರೆಯಂತೆ ಮಾಡಿ, ಇಲ್ಲಿಗೇ ನಿಂತರೆ ನೂಕಿದಾಗ ಮಡಚಿಕೊಳ್ಳುತ್ತದೆ, ಸ್ವಲ್ಪ ದಾಟಿಸಿ ತಡೆಗೆ ಕೂರಿಸಿದರೆ ನೂಕಿದಷ್ಟೂ ಗಟ್ಟಿಯಾಗುತ್ತದೆ, ಅದಕ್ಕೇ ಸೊಟ್ಟ ಕಾಣುತ್ತದೆ ಎಂದು ತೋರಿಸಿದೆ. ಅವರು ತಮ್ಮ ಕೈಯನ್ನೂ ಚಾಚಿ, ಮೊಣಕೈ ಮಡಚಿ ಬಿಡಿಸಿ, ಎರಡು ಸಲ ಮಾಡಿ ನೋಡಿದರು. ಕೈಗೆ ತಿಳಿಯಿತು ಎಂಬುದು ಮುಖದಲ್ಲೇ ಕಂಡಿತು.

"ಇಷ್ಟೇ ಏನ್ರಿ?" ಎಂದರು.

"ಇಷ್ಟೇ ಮಿಸ್ತ್ರಿ."

"ಒಂದ್ ಮಾತು ಹೇಳಿದ್ರ ಮುಗೀತಿತ್ತಲ್ರಿ" ಎಂದು ಕೈ ಕೆಳಗಿಳಿಸಿದರು. "ಖಡಿ ಆ ಹೆಣ್ಮಗಳ ಕಾಲ್ ಮ್ಯಾಗ ಬಿದ್ದಿದ್ರ ಏನ್ ಗತಿರಿ? ರಾತ್ರಿಯೆಲ್ಲ ಅದೇ ಕಣ್ಣಾಗ ಬಂತ್ರಿ."

ಸೇಠ್ ಕರೆದಿದ್ದಾನೆ, ಹೆಡ್ ಮಿಸ್ತ್ರಿಯ ಜಾಗ ಹಾಗೇ ಇದೆ ಎಂದೆ. ಅವರು ತಲೆಯಾಡಿಸಿದರು. "ಬ್ಯಾಡ್ರಿ. ಅಷ್ಟ್ ಮಂದಿ ಮುಂದ ಆ ಮಾತ್ ಕೇಳ್ಸಿಕೊಂಡ್ ಮ್ಯಾಗ ಅಲ್ಲಿ ನನ್ ಕೈ ನಡಿಯಂಗಿಲ್ಲ. ನಿಮ್ ಮ್ಯಾಗ ಸಿಟ್ಟಿಲ್ರಿ."

ಆಗ ನಾನು ಸುರುಳಿಯ ದಾರ ಬಿಚ್ಚಿದೆ. "ನೀವು ಕೇಳಿದ್ರಲ್ಲ, ಪೂರಾ ಚಿತ್ರ. ನೋಡ್ರಿ" ಎಂದು ಚಾಪೆಯ ಮೇಲೆ ಹರಡತೊಡಗಿದೆ.

ಅವರು ಕೂತಲ್ಲಿಂದಲೇ ಗೋಡೆಯ ಕಡೆ ತಿರುಗಿಬಿಟ್ಟರು. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಸುತ್ತಿ ಇಟ್ಕೋರಿ ಸಾಹೇಬ್ರ. ನಾಳಿಗಿ ಎಲ್ಲಿರ ಹಿಂಥಾ ಬಾಗಲಾ ಕಂಡ್ರ ಮತ್ತ ನನ್ ಹೆಸರೇ ಬರ್ತದ. ನಾ ನೋಡಿಲ್ಲ ಅಂತ ಹೇಳಾಕ ನನಗ ಬರ್ಬೇಕು."

ನಕ್ಷೆಯನ್ನು ಮತ್ತೆ ಸುತ್ತಿದೆ. ದಾರದ ಗಂಟು ಕೈಗೆ ಸಿಗದೆ ಬಹಳ ಹೊತ್ತು ಹಿಡಿಯಿತು. ಅವರ ಹೆಂಡತಿ ಎರಡು ಕಪ್ಪು ಚಹಾ ತಂದು ನಡುವೆ ಇಟ್ಟು ಹೋದರು.

"ಕಟ್ಟಿದ್ರೇನ್ರಿ?" ಎಂದರು ಗೋಡೆಗೆ ಮುಖ ಮಾಡಿಕೊಂಡೇ.

"ಕಟ್ಟೀನಿ."

ಆಮೇಲೆ ಈ ಕಡೆ ತಿರುಗಿ, ಕಪ್ಪನ್ನು ನನ್ನ ಹತ್ತಿರ ಸರಿಸಿ, "ತೊಗೋರಿ, ಆರ್ತದ" ಎಂದರು.